ಒಂದು ಲಕ್ಷದ ಮೂರು ಎಂಬ ಸಂಖ್ಯೆಗೆ ಹನ್ನೊಂದು ಮನೆಗಳ ಅಹವಾಲು

ಮಾನ್ಯ ಒಂದು ಲಕ್ಷದ ಮೂರು ಅವರೇ,

ಆರಂಕಿಯ ಅವಿಭಾಜ್ಯ ಸಂಖ್ಯೆಗಳಲ್ಲೆಲ್ಲ ಮೊದಲಿಗರೂ, ಒಂದನ್ನೂ ತಮ್ಮನ್ನೂ ಬಿಟ್ಟರೆ ಬೇರಾರಿಗೂ ಸೊಪ್ಪು ಹಾಕದವರೂ ಆದ ತಮ್ಮ ಸನ್ನಿಧಿಗೆ, ರೈಲು ಡಬ್ಬಿಗಳಿಗೆ ಮೂವತ್ತನಾಲ್ಕು ವರ್ಷ ಬೋಲ್ಟು ಬಿಗಿದು ನಿವೃತ್ತನಾದ ಪೆರಂಬೂರಿನ ಮುರುಗೆಪ್ಪ ಮಾಡುವ ಶರಣು ಶರಣಾರ್ಥಿ.

ಚೆನ್ನೈನಲ್ಲಿ ನೆಲೆಸಿದ ನಮ್ಮ ಹನ್ನೊಂದು ಮನೆಗಳವರು ಸೇರಿ ಕಾರ್ತಿಕದ ಕಡೆಯ ಸೋಮವಾರ ಲಕ್ಷ ಬಿಲ್ವಾರ್ಚನೆ ಮಾಡುತ್ತೇವೆ. ಪತ್ರೆ ಎಣಿಸಿ ಮನೆಗೊಂದು ಬುಟ್ಟಿ ತುಂಬಿಕೊಡುವ ಕೆಲಸ ನನ್ನದು. ಹೋದ ವರ್ಷ ಮನೆಗೆ ಒಂಬತ್ತು ಸಾವಿರದ ತೊಂಬತ್ತರಂತೆ ಹಂಚಿದ ಮೇಲೆ ಹತ್ತು ಪತ್ರೆ ಮಿಕ್ಕವು. ನನ್ನ ಮನೆಯೂ ಸೇರಿ ಹತ್ತು ಮನೆಗೆ ಒಂದೊಂದು ಹಾಕಿದೆ. ಹನ್ನೊಂದನೆಯದು ಪೋರೂರಿನಲ್ಲಿರುವ ನನ್ನ ಒಡಹುಟ್ಟಿದ ಅಕ್ಕ ಶಿವಗಂಗಮ್ಮನದು. ನಮ್ಮವಳೇ ತಾನೇ, ಸುಧಾರಿಸಿಕೊಳ್ಳುತ್ತಾಳೆ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು! ಅಂದು ಮಾತು ಬಿಟ್ಟವಳು ಇಂದಿಗೂ ಆಡಿಲ್ಲ. ಅವಳ ದನಿ ಕೇಳದೆ ನನಗೆ ಊಟ ರುಚಿಸುತ್ತಿಲ್ಲ, ಸ್ವಾಮಿ.

ಈ ಸಲ ಎಲ್ಲರಿಗೂ ಸಮ ಎಂದು ಪಣ ತೊಟ್ಟೆ. ಮುಯ್ಯಿಗೂ ನೂರರ ಮೇಲೊಂದು ಇಡುವವರು ನಾವು. ಹೋದ ವರ್ಷ ಸೊನ್ನೆಗೆ ನಿಲ್ಲಿಸಿದ್ದೇ ಕೆಟ್ಟಿತೆಂದು, ಮುಕ್ಕಣ್ಣನಿಗೆ ಕಣ್ಣಿಗೊಂದರಂತೆ ಮೂರನ್ನು ಧಾರಾಳವಾಗಿ ಸೇರಿಸಿ ಸಂಕಲ್ಪ ಮಾಡಿಸಿದೆ, ಕಾರ್ಡನ್ನೂ ಅಚ್ಚು ಹಾಕಿಸಿದೆ. ಸಂಕಲ್ಪವಾದ ಮೇಲೆ ಒಂದು ಪತ್ರೆಯೂ ಹೆಚ್ಚುಕಡಿಮೆ ಆಗುವಂತಿಲ್ಲ. ಒಂದನ್ನೇ ಸೇರಿಸಿದ್ದರೆ ಸರಿಯಾಗಿ ಹಂಚಿಹೋಗುತ್ತಿತ್ತು, ಈಗ ಎರಡು ಮಿಕ್ಕುತ್ತವೆ ಎಂದು ಗಣಿತ ಪಾಠ ಮಾಡುವ ಮಗಳು ಬಿಂದು ಕಾರ್ಡು ಹಂಚಿಯಾದ ಮೇಲೆ ಅಪ್ಪಣೆ ಕೊಡಿಸಿದಳು. ಏನಾದರೂ ದಾರಿ ತೋರಿಸೆಂದರೆ, "ಅಪ್ಪಾ, ಅದು ಪ್ರೈಮ್ ನಂಬರ್, ಒಣ್ಣುಂ ಪಣ್ಣ ಮುಡಿಯಾದು" ಎಂದು ತಮಿಳಿನಲ್ಲೇ ಕೈ ಎತ್ತಿಬಿಟ್ಟಳು.

ಆಹಾ, ಏನು ತಮ್ಮ ನಿಷ್ಠೆ! ನಂಬಿಕೆ ಬಾರದೆ ಎರಡರಿಂದ ಮುನ್ನೂರ ಹದಿಮೂರರವರೆಗಿನ ಅರವತ್ತೈದು ಅವಿಭಾಜ್ಯಗಳಿಂದಲೂ ತಮ್ಮನ್ನು ಭಾಗಿಸಿ ನೋಡಿದೆ; ಅದಕ್ಕಿಂತ ದೊಡ್ಡವರು ಯಾರಾದರೂ ಭಾಗಿಸುವುದಾದರೆ ಜೊತೆಗೊಬ್ಬ ಚಿಕ್ಕವನು ಇಷ್ಟರಲ್ಲೇ ಸಿಕ್ಕಿಬೀಳಬೇಕಿತ್ತೆಂದು ಮಗಳು ಪೆನ್ನು ಕಿತ್ತುಕೊಂಡಳು. ಒಬ್ಬರಿಗಾದರೂ ಮಣಿದಿರಾ? ಹಂಚುವುದೇ ಬೇಡ, ಎರಡು ಚೌಕಗಳಾಗಿ ಜೋಡಿಸಿಬಿಡೋಣವೆಂದರೆ, ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಯುವ ತಮ್ಮಂಥವರು ಅದಕ್ಕೂ ಒಗ್ಗುವುದಿಲ್ಲವಂತೆ.

ಆದಕಾರಣ ಸೋಮವಾರ ಬೆಳಗ್ಗೆ ಆರರಿಂದ ಹನ್ನೆರಡರವರೆಗೆ ಮಾತ್ರ ತಾವು ಹನ್ನೊಂದರಿಂದ ಭಾಗವಾಗುವ ಕೃಪೆ ಮಾಡಬೇಕು. ಆಮೇಲೆ ಯಥಾಪ್ರಕಾರ ಬಿಗುಮಾನದಿಂದ ಇರಬಹುದು. ಅದೂ ಆಗದಿದ್ದರೆ ಒಂದು ಲಕ್ಷದ ಮೂರು ಕುಟುಂಬಗಳನ್ನಾದರೂ ಪೆರಂಬೂರಿಗೆ ಕಳುಹಿಸಿ, ಮನೆಗೊಂದು ಪತ್ರೆ ಕೊಡುತ್ತೇನೆ. ಊಟದ ವ್ಯವಸ್ಥೆ ತಮ್ಮದು.

ಮಣಿಯದವರಿಗೆ ಕೈಮುಗಿದು ನಿಂತಿರುವ,
ತಮ್ಮ ವಿಶ್ವಾಸಿ,
ಮುರುಗೆಪ್ಪ

ವಿ.ಸೂ.: ಈ ಪತ್ರವನ್ನು ನಮ್ಮ ಮನೆಗಳ ವಾಟ್ಸ್ಯಾಪ್ ಗುಂಪಿಗೆ ಹಾಕಿದ ಹತ್ತೇ ನಿಮಿಷಕ್ಕೆ ಅಕ್ಕನ ಫೋನು ಬಂತು: "ಏನೋ ಮುರುಗ್ಯಾ, ಆ ಉಳದ ಎರಡೂ ಪತ್ರಿ ನನ್ನ ಬುಟ್ಟ್ಯಾಗ ಹಾಕು, ಬರ್ತೀನಿ." ಹಾಕಿದೆ, ಕಣ್ಣೊರೆಸಿಕೊಂಡೇ ಹಾಕಿದೆ. ಈಗ ಉಳಿದ ಒಂಬತ್ತು ಮನೆಗಳವರು ನನ್ನ ಮೇಲೆ ಜಗಳಕ್ಕೆ ಬರುತ್ತಿದ್ದಾರೆ. ಒಂಬತ್ತು ತಮ್ಮ ಹಾಗಲ್ಲ ನೋಡಿ, ಮೂರು ಮೂರು ಮನೆಯಾಗಿ, ಒಬ್ಬರೂ ಮಿಕ್ಕದಂತೆ ಬರುತ್ತಿದ್ದಾರೆ.