ಮೈಲಾರಿಯ ಎದೆಯ ವಯಸ್ಸು

ತಂಗಿ ದುರುಗಕ್ಕನಿಗೆ ಹಿರಿಯ ನಾಗರಿಕರ ಕಾರ್ಡು ಬಂದದ್ದೇ ನೀರುಗಂಟಿ ಮೈಲಾರಿಯ ಸಂಕಟಕ್ಕೆ ಮೂಲವಾಯಿತು. ತಂಗಿಗೆ ಅರವತ್ತು. ಅಣ್ಣನಿಗೆ ಮಾತ್ರ, ಪಂಚಾಯಿತಿಯ ದಾಖಲೆಯ ಪ್ರಕಾರ, ಇನ್ನೂ ಐವತ್ತೇಳು! ಹತ್ತು ವರ್ಷದವನಾಗಿದ್ದಾಗ ಅವನನ್ನು ಒಂದನೇ ತರಗತಿಗೆ ಸೇರಿಸಿಕೊಂಡ ಮೇಷ್ಟ್ರು ಆರು ಎಂದು ಬರೆದುಬಿಟ್ಟಿದ್ದರು. ಅರವತ್ತಕ್ಕೆ ನಿವೃತ್ತಿ; ನಿಜ ಹೊರಬಿದ್ದರೆ ಕೆಲಸ ಹೋಗುತ್ತದೆ. ಬೆಳಿಗ್ಗೆ ಎದ್ದು ವಾಲ್ವ್ ತಿರುಗಿಸದೆ, ಬಿಂದಿಗೆ ಹಿಡಿದ ಹೆಂಗಸರ ಕೈಲಿ ಬೈಸಿಕೊಳ್ಳದೆ ದಿನ ಕಳೆಯುವುದು ಹೇಗೆಂದು ಮೈಲಾರಿಗೆ ತಿಳಿಯದು.

ಅಂಥದ್ದರಲ್ಲಿ ಮಾರನೆಯ ಬೆಳಿಗ್ಗೆಯೇ ಪಂಚಾಯಿತಿ ಕಚೇರಿಯ ಮುಂದೆ ದಾವಣಗೆರೆಯ ವ್ಯಾನೊಂದು ಬಂದು ನಿಂತಿತು. ವಯಸ್ಸಾದಂತೆ ಹೃದಯದ ಸ್ನಾಯುವಿನ ಚಲನೆ ಹೇಗೆ ಬದಲಾಗುತ್ತದೆ ಎಂದು ಅಧ್ಯಯನ ಮಾಡುತ್ತಿದ್ದ ಡಾಕ್ಟರ್ ಹೇಮಾವತಿ ಎಕೋ ಯಂತ್ರ ತಂದಿದ್ದರು. ಸಿಬ್ಬಂದಿಯೆಲ್ಲ ತೋರಿಸಿಕೊಳ್ಳಬೇಕೆಂದು ಪಿಡಿಒ ವಿನಯ್ ಕುಮಾರ್ ಅಪ್ಪಣೆ ಮಾಡಿದರು.

"ಯಣ್ಣಾ, ಆ ಮಿಷಿನ್ನು ಎದಿ ನೋಡಿ ವಯಸ್ಸು ಹೇಳತೈತಂತೆ!" ಎಂದ ಬಿಲ್ ಕಲೆಕ್ಟರ್ ಸಿದ್ದೇಶ್.

"ಎದಿಗೇನು ಜಾತಕ ಬರ್ದಿರತೈತಾ?"

"ಹುಡುಗ್ರ ಹಾರ್ಟು ಹಿಂಡಿಕೊಂಡು ಫಟ್ ಅಂತ ಸಡ್ಲ ಆಗತೈತಂತೆ. ವಯಸ್ಸಾದೋರದ್ದೂ ಚೆನ್ನಾಗೇ ಹಿಂಡತೈತೆ, ಸಡ್ಲ ಆಗಾಕೆ ಮಾತ್ರ ತಡ."

ಮೈಲಾರಿಗೆ ಎದೆ ಧಸಕ್ಕೆಂದಿತು. ಊರ ಬಾಗಿಲ ಹಳೆಯ ವಾಲ್ವ್ ಹಾಗೇ ತಾನೆ! ಮುಚ್ಚುವಾಗ ಸರಾಗ, ಬಿಚ್ಚುವಾಗ ಜಪ್ಪಯ್ಯ ಎಂದರೂ ಜಗ್ಗದು.

"ಟೀ ಕುಡೀಬ್ಯಾಡ್ರಿ ಮೈಲಾರಣ್ಣ. ಮದುವಿ ಆದ ಹೊಸ್ತು ನೆನಸ್ಕಳ್ರಿ, ಹಾರ್ಟು ಹಗುರಾಗತೈತೆ," ಎಂದಳು ಕಂಪ್ಯೂಟರ್ ಆಪರೇಟರ್ ರೂಪಶ್ರೀ.

ಅವನು ನೆನೆಸಿಕೊಂಡ. ಮದುವೆಯ ಊಟಕ್ಕೆ ಹೋಳಿಗೆ ಸಾಲದೆ ಮಾವನಿಗೂ ಅಪ್ಪನಿಗೂ ಆದ ಜಗಳವೇ ಕಣ್ಣಮುಂದೆ ಬಂತು. ಎದೆ ಇನ್ನೂ ಜೋರಾಗಿ ಬಡಿದುಕೊಂಡಿತು.

"ಅಂಗಿ ಬಿಚ್ಚಿದ್ರೆ ಎದಿಮ್ಯಾಗಿನ ಬಿಳಿಕೂದ್ಲೇ ಸಾಕ್ಷಿ ಹೇಳತೈತೆ ಬಿಡು," ಎಂದು ಸಿದ್ದೇಶ್ ನಕ್ಕ.

ಅವನು ಹೇಳಿದ್ದು ತಮಾಷೆಗೆ. ಆದರೆ ಮೈಲಾರಿ ನೇರವಾಗಿ ತಿಪ್ಪೇಶಪ್ಪನ ಸಲೂನಿಗೆ ಓಡಿದ.

"ತಲಿಗಾ, ಮೀಸಿಗಾ?" ಎಂದ ತಿಪ್ಪೇಶಪ್ಪ, ಬಣ್ಣ ಕಲಸುತ್ತಾ.

"ಎದಿಗೆ."

ತಿಪ್ಪೇಶಪ್ಪನ ಬ್ರಷ್ಷು ಕೈಯಿಂದ ಜಾರಿತು. ಆದರೂ ಗೋಡೆಗೆ ಸುಣ್ಣ ಬಳಿದಷ್ಟು ಧಾರಾಳವಾಗಿ ಬಳಿದ. ಬಣ್ಣ ಒಣಗುವ ಮೊದಲೇ ಕಚೇರಿಯಿಂದ ಕರೆ ಬಂತು.

ಸಭಾಂಗಣದ ನಡುವೆ ಬೆಡ್‌ಶೀಟ್ ಕಟ್ಟಿ ಎರಡು ಪಾಲು ಮಾಡಿದ್ದರು. ಮೈಲಾರಿ ಎಡಮಗ್ಗುಲಾಗಿ ಮಲಗಿದ. ಡಾಕ್ಟರು ಎದೆಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಕಡ್ಡಿಯನ್ನು ಒತ್ತಿದರು. ಪರದೆ ನೋಡಿದರು, ಅವನ ಎದೆ ನೋಡಿದರು, ಮತ್ತೆ ಪರದೆ ನೋಡಿದರು. ಹುಬ್ಬು ಗಂಟಿಕ್ಕಿತು.

"ನಿಮಗೆ ವಯಸ್ಸು ಐವತ್ತೇಳು ಅಂತ ಇಲ್ಲಿದೆಯಲ್ಲ..."

ಮೈಲಾರಿಯ ಧೈರ್ಯ ಅಲ್ಲಿಗೆ ಮುಗಿಯಿತು. "ಅರವತ್ತೊಂದು ತಾಯೀ! ಆ ಮೇಷ್ಟ್ರು ಬರ್ದಿದ್ದು, ನಂದೇನೂ ತಪ್ಪಿಲ್ಲ!"

"ಅರವತ್ತೊಂದಾ?" ಡಾಕ್ಟರ ಕಣ್ಣರಳಿತು. "ನಾನು ನೋಡ್ತಿದ್ದದ್ದು ಈ ಕಪ್ಪು ಬಣ್ಣ ಎಲ್ಲಿಂದ ಇಳೀತಿದೆ ಅಂತ. ನಿಮ್ಮ ಹೃದಯ ನಲವತ್ತೈದರವರ ಥರ ಸಡಿಲ ಆಗ್ತಿದೆ, ಮಾರಾಯ್ರೇ! ದಿನಾ ತುಂಬಾ ನಡೀತೀರಾ?"

"ಹದಿನಾಲ್ಕು ವಾಲ್ವ್ ಅದಾವ್ರಿ."

"ಹೆದರಬೇಡಿ. ನಾನು ಯಾರ ಹೆಸರನ್ನೂ ಎಲ್ಲೂ ಹೇಳಲ್ಲ."

ಬಾಯಿಬಿಡದೆ ಮಲಗಿದ್ದರೆ ಸಾಕಿತ್ತು ಎಂದು ಹಲುಬುತ್ತಾ ಮೈಲಾರಿ ಎದೆ ಒರೆಸಿಕೊಂಡು ಎದ್ದ. ಬೆಡ್‌ಶೀಟ್ ಸರಿಸಿದರೆ ಆಚೆ ಬದಿಯ ಬೆಂಚಿನ ಮೇಲೆ ಪಿಡಿಒ ಸಾಹೇಬರು! ಅವನಿಗಿಂತ ಮೊದಲೇ ತಮ್ಮ ಪರೀಕ್ಷೆ ಮುಗಿಸಿದ್ದವರು ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಇದ್ದರು. ಮುಖ ಮಾತ್ರ ಸುಟ್ಟ ಬದನೆಕಾಯಿಯಂತಾಗಿತ್ತು.

"ಸಾಯಂಕಾಲ ನನ್ನ ರೂಮಿಗೆ ಬಾ," ಎಂದಷ್ಟೇ ಅಂದರು.

ಸಾಯಂಕಾಲದವರೆಗೆ ಮೈಲಾರಿ ಒಂದೇ ವಾಲ್ವನ್ನು ಮೂರು ಸಲ ಬಿಚ್ಚಿ ಮುಚ್ಚಿದ. ಮೇಲಿನ ಕೇರಿಗೆ ಎರಡು ಸಲ ನೀರು ಹೋಯಿತು, ಕೆಳಗಿನ ಕೇರಿಗೆ ಬರೀ ಗಾಳಿ. ಕೆಳಗಿನ ಕೇರಿಯ ಚೌಡಕ್ಕ ಬಿಂದಿಗೆ ಎತ್ತಿಕೊಂಡು ಬೈದರೂ ಅವನಿಗೆ ಕೇಳಿಸಲಿಲ್ಲ.

ಕೊನೆಗೆ ಸಾಹೇಬರ ಮುಂದೆ ಕೈಕಟ್ಟಿ ನಿಂತ.

"ಬಾಗ್ಲು ಹಾಕು. ನಾನು ಎಲ್ಲಾ ಕೇಳಿಸ್ಕೊಂಡೆ."

"ಸಾಹೇಬ್ರೆ, ಇನ್ನು ಮೂರು ವರ್ಷ..."

"ಕೆಲ್ಸ ಎಲ್ಲೂ ಹೋಗಾಕಿಲ್ಲ, ಸುಮ್ಕಿರು." ಸಾಹೇಬರು ಕಿಟಕಿ ಮುಚ್ಚಿ ದನಿ ತಗ್ಗಿಸಿದರು. "ನಂಗೆ ಮೂವತ್ತೊಂಬತ್ತು. ನನ್ನ ಹಾರ್ಟು ಅರವತ್ತೈದರಂಗೆ ಅಲುಗತೈತಂತೆ. ಕುಂತು ಕುಂತು ಹಿಂಗಾಗೈತಂತೆ. ದಿನಾ ನಡೀಲೇಬೇಕಂತೆ. ನಂದು ನೀನು ಬಾಯಿಬಿಡಬ್ಯಾಡ, ನಿಂದು ನಾನು ಬಿಡಾಕಿಲ್ಲ."

ಮೈಲಾರಿಗೆ ಹೋದ ಜೀವ ಬಂತು. "ಅಷ್ಟೇ ಏನ್ರಿ! ನಡೀರಿ, ನಾನು ಜತಿಗೆ ಬರ್ತೀನಿ."

"ಬರಲೇಬೇಕು. ಬೆಳಿಗ್ಗೆ ಐದಕ್ಕೆ, ನೀರಿನ ಟ್ಯಾಂಕ್ ಇರೋ ಗುಡ್ಡ ಹತ್ತಾಕೆ. ನೀನು ಕೈ ಹಿಡ್ದು ಎಳೀಬೇಕು, ನಾನು ಕುಂತ್ರೆ ಎಬ್ಬಿಸ್ಬೇಕು. ಊರಿನೋರು ಕೇಳಿದ್ರೆ ಟ್ಯಾಂಕ್ ತಪಾಸಣೆ ಅಂತ ಹೇಳು."

ತೊಂಬತ್ತು ಕಿಲೋ ತೂಗುವ ಸಾಹೇಬರನ್ನು ಮೈಲಾರಿ ತಲೆಯಿಂದ ಕಾಲಿನವರೆಗೆ ನೋಡಿದ.

"ಎಷ್ಟು ದಿನ ಸಾಹೇಬ್ರೆ?"

"ಜೀವ ಇರೋಗಂಟ ನಡಿಯೋದು ಬಿಡಬಾರದು ಅಂದಾರೆ ಡಾಕ್ಟ್ರು. ನೀನು ರಿಟೈರ್ ಆದ್ರೂ ನಿನ್ನ ಬಿಡಾಕಿಲ್ಲ, ಮೈಲಾರಿ!"