ಐಸ್ ಪೆಟ್ಟಿಗೆಯಲ್ಲಿ ವಂಶೋದ್ಧಾರ

ನೀರಾ ಇಳಿಸುವವನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತೆಂಗಿನ ಹೊಂಬಾಳೆಯಿಂದ ಇಳಿದ ರಸಕ್ಕೆ ಬಿಸಿ ತಾಗಿದರೆ ಹುಳಿ. ಐಸ್ ಪೆಟ್ಟಿಗೆಯಲ್ಲಿಟ್ಟರೆ ಸಂಜೆಯವರೆಗೂ ಸಿಹಿ. ಈ ಒಂದೇ ವಿದ್ಯೆಯನ್ನು ನಂಬಿಕೊಂಡು ನಾನು ನನ್ನ ವಂಶವನ್ನು ತಿಪಟೂರಿಗೆ ಸಾಗಿಸಲು ಹೊರಟೆ.

ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಿಲ್ಲ. ಕಳೆದ ಕಾರ್ತಿಕದಲ್ಲಿ ಅವ್ವ ತೀರಿಕೊಂಡಳು. ತಿಥಿಗೆ ಬಂದವರೆಲ್ಲ ನನ್ನ ಹೆಂಡತಿ ಶಾರದೆಯ ಕೈ ಹಿಡಿದು, ಅವ್ವ ನಿನ್ನ ಹೊಟ್ಟೆಯಲ್ಲೇ ಹುಟ್ಟಿ ಬರುತ್ತಾಳೆ ಎಂದು ಹೇಳಿ ಊಟ ಮಾಡಿ ಹೋದರು. ಅಂಥದನ್ನೆಲ್ಲ ನಂಬುವವನಲ್ಲ ನಾನು. ಆದರೂ ನಂಬಿದೆ. ಅವ್ವನ ಕೆಮ್ಮು ಕೇಳದ ಬೆಳಗುಗಳು ಬಹಳ ಉದ್ದವಾಗಿದ್ದವು.

ಶಾರದೆಯ ಪರೀಕ್ಷೆಗಳೆಲ್ಲ ಸರಿಯಿದ್ದವು. ಇನ್ನು ನಿಮ್ಮ ಸರದಿ ಎಂದರು ತಿಪಟೂರಿನ ಆಸ್ಪತ್ರೆಯ ಡಾಕ್ಟರಮ್ಮ. ಹಾರ್ಮೋನು ನೋಡಲು ನನ್ನ ರಕ್ತ ತೆಗೆದುಕೊಂಡರು. ವೀರ್ಯವನ್ನು ಮನೆಯಿಂದಲೇ ತರಬಹುದು, ಆದರೆ ಒಂದು ಗಂಟೆಯೊಳಗೆ ತಲುಪಬೇಕು ಎಂದು ಲ್ಯಾಬಿನವಳು ಡಬ್ಬಿ ಕೊಟ್ಟಳು. ಆಮೇಲೂ ಏನೋ ಹೇಳಿದಳು. ನಾಚಿಕೆಯಿಂದ ನಾನು ನೆಲ ನೋಡುತ್ತ ಎಲ್ಲಕ್ಕೂ ಹೂಂ ಎಂದುಬಿಟ್ಟೆ.

ಮರುದಿನ ಡಬ್ಬಿಯನ್ನು ನೀರಾ ಪೆಟ್ಟಿಗೆಯ ಐಸಿನೊಳಗೆ ಹೂತು, ಪೆಟ್ಟಿಗೆಯನ್ನು ಬೈಕಿಗೆ ಬಿಗಿದೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕೊಬ್ಬರಿ ವ್ಯಾಪಾರದ ಗೆಳೆಯ ರಾಜ ಅಡ್ಡ ಬಂದು ನಿಲ್ಲಿಸಿದ. ಲೋಟ ಅವನ ಕೈಯಲ್ಲೇ ಇತ್ತು!

"ಒಂದ್ ಲೋಟ ನೀರಾ ಬಗ್ಸು ಕಣ್ಲಾ, ಗಂಟ್ಲು ಒಣಗೈತೆ," ಎಂದು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ.

ನಾನು ಅವನ ಕೈ ತಳ್ಳಿದೆ. "ಬುಡ್ಲಾ, ಹುಳಿ ಬಂದೈತೆ."

"ಹುಳಿ ಬಂದಿದ್ನ ಐಸಲ್ಲಿಟ್ಕಂಡು ಯಾರಿಗ್ಲಾ ಕುಡ್ಸಕ್ಕೆ ಹೊಂಟಿದ್ದೀಯ?"

ಗಾಡಿ ಓಡಿಸಿದೆ. ಗಂಟೆಯೊಳಗೆ ತಲುಪಿದೆ. ಆ ಮಟ್ಟಿಗೆ ನನ್ನ ಸಾಧನೆಯಲ್ಲಿ ಲೋಪವಿಲ್ಲ.

ಮಧ್ಯಾಹ್ನ ಶಾರದೆ ಬಸ್ಸಿನಲ್ಲಿ ಬಂದು ಸೇರಿಕೊಂಡಳು. ವರದಿ ಕೈಗೆ ಬಂತು. ವೀರ್ಯಾಣುಗಳ ಚಲನೆ: ಸೊನ್ನೆ. ಅವ್ವ ಬರಬೇಕಾದ ಬಾಗಿಲಿಗೆ ನಾನೇ ಒಳಗಿನಿಂದ ಅಗುಳಿ ಹಾಕಿದ್ದೇನೆ ಎನ್ನಿಸಿತು. ಶಾರದೆ ಕಾಗದ ತೆಗೆದುಕೊಂಡು ಓದಿದಳು, ಮಡಚಿದಳು, ಚೀಲದೊಳಗೆ ಇಟ್ಟುಕೊಂಡಳು. ಬೈದಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ.

ಡಾಕ್ಟರಮ್ಮ ವರದಿ ನೋಡಿ, ಹೇಗೆ ತಂದಿರಿ ಎಂದು ಕೇಳಿದರು.

"ಐಸಲ್ಲಿ ಮೇಡಂ. ಕೆಡಬಾರ್ದು ಅಂತ."

ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿ ಕೂತರು. ಹೆಗಲು ಅಲುಗುತ್ತಿತ್ತು. "ಅವು ಮೈಬಿಸೀಲಿ ಬದುಕೋವು ಕಣ್ರೀ. ಅಂಗಿಯೊಳಗೆ ಇಟ್ಕೊಂಡು ಬನ್ನಿ ಅಂತ ಹೇಳಿರಲಿಲ್ವಾ?"

ಲ್ಯಾಬಿನವಳು ಹೇಳಿದ್ದಳು. ನಾನು ಹೂಂ ಎಂದಿದ್ದೆ.

ಎರಡನೇ ಸಲ ಇಬ್ಬರೂ ಬಸ್ಸಿನಲ್ಲೇ ಬಂದೆವು. ಆಸ್ಪತ್ರೆಯ ಕೋಣೆಯಲ್ಲೇ ಕೊಟ್ಟು, ಹೊರಗಿನ ಬೆಂಚಿನ ಮೇಲೆ ಕಾದೆವು. ಮೊದಲ ದಿನಕ್ಕಿಂತ ಹೆಚ್ಚು ಹೆದರಿದ್ದೆ. ಈ ಸಲ ದೂರಲು ಐಸೂ ಇರಲಿಲ್ಲ.

ಹಾರ್ಮೋನು ಸರಿಯಿದೆ, ಎಣಿಕೆಯೂ ಪರವಾಗಿಲ್ಲ, ಜೀವವಿದೆ ಎಂದರು ಡಾಕ್ಟರಮ್ಮ. ಸ್ವಲ್ಪ ನಿಧಾನ, ಅಷ್ಟೆ. ಔಷಧಿ ತೆಗೆದುಕೊಳ್ಳಿ, ಕೆಲವು ತಿಂಗಳು ನೋಡೋಣ.

ಹೊರಗೆ ಬಂದು ಶಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಧಾನ ಅಂದ್ಮೇಲೆ ನಿಮ್ಮವೇ ಬುಡಿ, ಅನುಮಾನ ಇಲ್ಲ."

ಆ ಮಾತನ್ನು ಸುಳ್ಳು ಮಾಡಲೇಬೇಕೆಂದು, ಹೊರಡುತ್ತಿದ್ದ ಬಸ್ಸಿನ ಕಡೆ ಓಡಿದೆ. ಶಾರದೆಯೂ ಓಡಿದಳು. ಅವಳು ಹತ್ತಿದಳು. ನಾನು ತಲುಪುವಷ್ಟರಲ್ಲಿ ಬಸ್ಸು ಹೋಗಿತ್ತು!