ಸಮುದ್ರ ಕಂಡ ಕುಕ್ಕರಿನ ರಬ್ಬರು

ಬೇಕರಿಯಲ್ಲಿ ಕೇಕು ಕೊಳ್ಳುವಾಗ "ತತ್ತಿ ಹಾಕಿಲ್ಲ ಹೌದಲ್ರಿ?" ಎಂದು ಕೇಳಿ, ಅಂಗಡಿಯವನು ಆಣೆ ಮಾಡುವತನಕ ಬಿಡದ ಮನುಷ್ಯ ಮೀನುಬೇಟೆಗಾರನಾಗಬಹುದೇ? ಆಗಬಹುದು. ನಮ್ಮ ಮನೆಯವರು ಆದರು. ಅದೂ ಎಲ್ಲಿ? ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕಾದ, ನಳಕ್ಕೆ ನೀರು ಬಂದ ದಿನ ಮನೆಮಂದಿಯೆಲ್ಲ ಹಬ್ಬದಂತೆ ಓಡಾಡುವ ನಮ್ಮ ಹುಬ್ಬಳ್ಳಿಯಲ್ಲಿ! ವಿದ್ಯಾನಗರದ ನಮ್ಮ ಓಣಿಯಲ್ಲಿ ವಕೀಲರಿದ್ದಾರೆ, ಡಾಕ್ಟರಿದ್ದಾರೆ, ಹಾರ್ಮೋನಿಯಂ ಕಲಿಸುವವರೂ ಇದ್ದಾರೆ. ಭರ್ಚಿ ಹಿಡಿದು ನೀರಿಗಿಳಿಯುವವರು ಮಾತ್ರ ಒಬ್ಬರೇ. ಅವರನ್ನು ಕಟ್ಟಿಕೊಂಡವಳು ನಾನು.

ಅವರ ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ಶಾಸ್ತ್ರಕ್ಕಲ್ಲ. ಕಾಳಿನ ವ್ಯಾಪಾರ ಮಾಡುವವರು, ಗಿರಾಕಿಗಳ ಎದುರು ಇಷ್ಟಾದರೂ ಮರ್ಯಾದೆ ಉಳಿಯಲಿ ಎಂದು.

ಇದೆಲ್ಲ ಶುರುವಾದದ್ದು ಕಾರವಾರದಲ್ಲಿ. ಇವರ ಗೆಳೆಯರೊಬ್ಬರ ಮಗಳ ಮದುವೆಗೆ ಹೋಗಿದ್ದೆವು. ಊಟ ಮುಗಿಸಿ ದಂಡೆಯ ಮೇಲೆ ನಿಂತಿದ್ದಾಗ ನೀರಿನೊಳಗಿಂದ ಒಬ್ಬ ಎದ್ದು ಬಂದ. ಮುಖಕ್ಕೆ ಗಾಜಿನ ಮಾಸ್ಕು, ಬಾಯಲ್ಲಿ ಕೊಳವೆ, ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರು, ಕೈಯಲ್ಲಿ ಉದ್ದನೆಯ ಭರ್ಚಿ, ಭರ್ಚಿಯ ತುದಿಗೆ ಮೀನು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಇವರು ಮೀನಿನ ಕಡೆ ನೋಡಲೇ ಇಲ್ಲ. ಆ ಮನುಷ್ಯನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಂದೊಂದೇ ಸಾಮಾನು ಮುಟ್ಟಿ ನೋಡಿ, ಯಾವುದಕ್ಕೆ ಎಷ್ಟು ಎಂದು ವಿಚಾರಿಸಿದರು. ಅವನು ಹೇಳಿದ ಬೆಲೆ ಕೇಳಿ ಸ್ವಲ್ಪ ಹೊತ್ತು ಸಮುದ್ರ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು:

"ಇದನ್ನ ಮನ್ಯಾಗ ಮಾಡಬಹುದು."

ನಮ್ಮ ಸಂಸಾರದಲ್ಲಿ ಇದಕ್ಕಿಂತ ಭಯಂಕರವಾದ ಮಾತು ಇನ್ನೊಂದಿಲ್ಲ. ಹಿಂದೆ ಹೀಗೇ ಹೇಳಿ ಎಣ್ಣೆ ಡಬ್ಬಿಯಿಂದ ಏರ್ ಕೂಲರ್ ಮಾಡಿದ್ದರು. ಅದು ಪಡಸಾಲೆಯಲ್ಲಿ ಮಳೆ ಸುರಿಸಿತು. ಮೆಟ್ಟಿಲು ಹತ್ತುವ ತಳ್ಳುಗಾಡಿ ಮಾಡಿದ್ದರು. ಅದು ಹತ್ತಲಿಲ್ಲ, ತನ್ನಷ್ಟಕ್ಕೆ ತಾನೇ ಇಳಿದು ಗೇಟು ಮುರಿಯಿತು.

ಬಸ್ಸಿನಲ್ಲಿ ಬರುತ್ತ ಬುದ್ಧಿ ಹೇಳಿ ನೋಡಿದೆ. "ಮೀನು ಹೊಡದು ಏನ್ ಮಾಡ್ತೀರಿ? ತಿನ್ನಾಂಗಿಲ್ಲ, ಮಾರಾಂಗಿಲ್ಲ."

"ನಾ ಎಲ್ಲಿ ಮೀನಿನ ಮಾತು ತಗದೇನಿ? ನಾ ಸಾಮಾನಿನ ಮಾತು ಆಡಾಕತ್ತೇನಿ," ಎಂದರು. ಇಂಥವರಿಗೆ ಏನು ಹೇಳುತ್ತೀರಿ?

ಮರುವಾರದಿಂದ ಮನೆಯ ಸಾಮಾನು ಒಂದೊಂದಾಗಿ ಮಾಯವಾಗತೊಡಗಿತು. ನೆಲ ಒರೆಸುವ ಕೋಲು ಹೋಯಿತು. ನನ್ನ ಛತ್ರಿ ಕಡ್ಡಿಗಳನ್ನು ಕಳೆದುಕೊಂಡು ಬರೀ ಬಟ್ಟೆಯಾಗಿ ಸಿಕ್ಕಿತು. ಕಡ್ಡಿಗಳನ್ನು ಮಸೆದು, ಕೋಲಿನ ತುದಿಗೆ ಬಿಗಿದು, ಹಿಂಬದಿಗೆ ಸೈಕಲ್ ಟ್ಯೂಬಿನ ಕುಣಿಕೆ ಕಟ್ಟಿದರೆ ಭರ್ಚಿ ತಯಾರು. ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಎಳೆದು, ಬಿಟ್ಟರಾಯಿತು. ವಾಷಿಂಗ್ ಮಶೀನಿನ ನೀರು ಹೋಗುವ ಪೈಪು ಉಸಿರಾಟದ ಕೊಳವೆಯಾಯಿತು. ಕಾರಿನೊಳಗಿನ ರಬ್ಬರು ಹಾಸನ್ನು ಕತ್ತರಿಸಿ ಹಳೆಯ ಚಪ್ಪಲಿಗೆ ಮೊಳೆ ಹೊಡೆದು ಬಾತುಕೋಳಿಯ ಪಾದ ಮಾಡಿದರು. ಖಾಲಿ ಎಣ್ಣೆ ಕ್ಯಾನಿಗೆ ಕೆಂಪು ಬಣ್ಣ ಬಳಿದರು. ಮುಳುಗಿದವರು ಎಲ್ಲಿದ್ದಾರೆಂದು ಮೇಲಿನವರಿಗೆ ತಿಳಿಯಲು ಅದು ನೀರಿನ ಮೇಲೆ ತೇಲಬೇಕಂತೆ. ಅದಕ್ಕೆ ಕಟ್ಟಿದ ಹಗ್ಗ ನಾನು ಬಟ್ಟೆ ಒಣಗಿಸುವ ಹಗ್ಗ. ಅಂದಿನಿಂದ ನಮ್ಮ ಬಟ್ಟೆ ಕುರ್ಚಿಗಳ ಬೆನ್ನ ಮೇಲೆ ಒಣಗುತ್ತಿವೆ.

ಅದೇ ವಾರ ನನ್ನ ನಾದಿನಿ ಗಂಡನೊಡನೆ ಧಾರವಾಡದಿಂದ ಊಟಕ್ಕೆ ಬಂದಳು. ಕುಕ್ಕರ್ ಇಟ್ಟೆ. ಅದು ಸೀಟಿ ಹಾಕುವುದು ಬಿಟ್ಟು ಸುತ್ತಲಿಂದಲೂ ಉಗಿ ಬಿಡತೊಡಗಿತು. ತೆರೆದು ನೋಡಿದರೆ ಮುಚ್ಚಳದ ರಬ್ಬರು ಇಲ್ಲ. ನಾನೂ ನಾದಿನಿಯೂ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಹುಡುಕಿದೆವು. ಕಡೆಗೆ ಅದು ಸಿಕ್ಕಿದ್ದು ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತಿದ್ದ ಇವರ ಮುಖದ ಮೇಲೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಸುತ್ತ ಅದನ್ನು ಕೂರಿಸಿ ಮಾಸ್ಕು ಮಾಡಿದ್ದರು. ಕುಕ್ಕರಿನ ಉಗಿ ಹೊರಗೆ ಹೋಗದ ಹಾಗೆ ತಡೆಯುವ ರಬ್ಬರು ಸಮುದ್ರದ ನೀರು ಒಳಗೆ ಬಾರದ ಹಾಗೆ ತಡೆಯಲಾರದೇ ಎಂದು ನಮಗೇ ತಿರುಗಿ ಪ್ರಶ್ನೆ ಹಾಕಿದರು. ನಾದಿನಿ ನನ್ನ ಕಡೆ ನೋಡಿದಳು. "ವೈನಿ, ನೀವರ ಒಂದು ಮಾತು ಹೇಳಬಾರದೇನ್ರಿ?" ಎಂದಳು. ನಾನು ಮಂಡಕ್ಕಿ ಡಬ್ಬಿ ತೆಗೆದೆ. ಅಳಿಯಂದಿರಿಗೆ ಮಧ್ಯಾಹ್ನದ ಊಟಕ್ಕೆ ಗಿರ್ಮಿಟ್ ಬಡಿಸಿದ ಮನೆ ಇಡೀ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು.

ಮುಂದೆ ಗುರಿ ಕಲಿಯುವ ಸಂಭ್ರಮ. ಹಿತ್ತಲಿನ ಪೇರಲ ಗಿಡಕ್ಕೆ ದಾರ ಕಟ್ಟಿ ಸೋರೆಕಾಯಿ ತೂಗುಹಾಕಿದರು. ಗಾಳಿಗೆ ಅದು ಅಲ್ಲಾಡಿದರೆ ಥೇಟ್ ಮೀನಿನ ಹಾಗೆ ಎಂದರು. ಮೊದಲ ಸಲವೇ ಭರ್ಚಿ ಹೆಬ್ಬೆರಳಿನಿಂದ ಕಳಚಿ, ಗೋಡೆ ಹಾರಿ ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಒಣಹಾಕಿದ್ದ ಸಂಡಿಗೆಯ ಚಾಪೆಗೆ ನೆಟ್ಟಿತು. ಅವರು ಸಿಟ್ಟಾಗಲಿಲ್ಲ. ಭರ್ಚಿಯನ್ನು ಸಂಡಿಗೆ ಸಮೇತ ಮರಳಿ ಕೊಟ್ಟು, ಕರಿದು ತಿನ್ನಿ ಎಂದು ಹೇಳಿ ಹೋದರು. ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡು ನಿಧಾನಕ್ಕೆ ಗುರಿ ಕೂಡಿಸತೊಡಗಿದರು. ಆದರೆ ತೂತು ಬಿದ್ದ ಸೋರೆಕಾಯಿ ಎಸೆಯಲಾದೀತೇ? ಪಲ್ಯ ಮಾಡಿದೆ, ಸಾರು ಮಾಡಿದೆ, ಪಾಯಸ ಮಾಡಿದೆ, ಥಾಲಿಪೆಟ್ಟಿಗೂ ಹೆರೆದು ಹಾಕಿದೆ. ದಿನಾ ಸೋರೆಕಾಯಿ ಒಯ್ಯುವುದನ್ನು ಕಂಡು ಕಾಯಿಪಲ್ಲೆ ಗಾಡಿಯವಳು ಒಂದು ದಿನ ದನಿ ತಗ್ಗಿಸಿ, "ಮನ್ಯಾಗ ಯಾರಿಗೆ ಸಕ್ಕರಿ ಜಡ್ಡ ಬಂದೈತ್ರಿ ಅಕ್ಕಾರ?" ಎಂದು ಕೇಳಿದಳು.

ಇಷ್ಟಾದರೂ ಸಹಿಸಿಕೊಂಡೆ. ಆದರೆ ಸಂಪಿನ ಪ್ರಕರಣ? ಬಹಳ ದಿನ ಕಾಯಿಸಿ ಅಂದು ನಳದ ನೀರು ಬಂದಿತ್ತು. ಸಂಪು ತುಂಬಿತ್ತು. ಒಂದು ಕೊಡ ಸೇದೋಣವೆಂದು ಮುಚ್ಚಳ ಸರಿಸಿದರೆ ಕತ್ತಲೆಯ ನೀರಿನಲ್ಲಿ ಒಂದು ಪೈಪು ನೆಟ್ಟಗೆ ನಿಂತು ಬುಸ್ ಬುಸ್ ಎಂದು ಉಸಿರಾಡುತ್ತಿದೆ! ನಾನು ಕಿರುಚಿದ್ದಕ್ಕೆ ಟೀಚರಮ್ಮ ಹಾವು ಬಂತೆಂದು ಬಡಿಗೆ ಹಿಡಿದು ಓಡಿಬಂದರು. ಅವರ ಎದುರಿಗೇ ಇವರು ಕುಕ್ಕರಿನ ರಬ್ಬರು ಹಾಕಿಕೊಂಡ ಮುಖವನ್ನು ಮೇಲೆತ್ತಿ ನಮಸ್ಕಾರ ಅಂದರು. ಇನ್ನು ಈ ನೀರು ಕುಡಿಯುವುದು ಹೇಗೆ ಎಂದು ನಾನು ತಲೆಯ ಮೇಲೆ ಕೈಹೊತ್ತು ಕೂತರೆ ಬಂದ ಉತ್ತರ: "ಸ್ನಾನಾ ಮಾಡೇ ಇಳದೇನಲ್ಲ?"

ಆಮೇಲೆ ಧಾರವಾಡದ ಹತ್ತಿರದ ಮುಗದದ ಕೆರೆ. ಹೆಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ಇವರು ಹೊಲದ ಬಾವಿಯಲ್ಲಿ ಈಜು ಕಲಿತವರು. ಹಾಗಾಗಿ ನೀರೆಂದರೆ ಅಂಜಿಕೆಯಿಲ್ಲ. ಕೆರೆಯ ಮೀನು ಊರವರದು, ಅದಕ್ಕೆ ಕೈಹಚ್ಚಬಾರದೆಂದು ಭರ್ಚಿಯನ್ನು ಮನೆಯಲ್ಲೇ ಬಿಟ್ಟಿದ್ದರು. ಅಂದು ಪರೀಕ್ಷೆಯಾಗಬೇಕಿದ್ದದ್ದು ಸೊಂಟದ ಪಟ್ಟಿ. ಮೈ ಮೇಲಕ್ಕೆ ತೇಲದೆ ಮುಳುಗಬೇಕಾದರೆ ಭಾರ ಬೇಕಂತೆ. ಅಂಗಡಿಗೆ ಕರೆಂಟಿನ ತಕ್ಕಡಿ ಬಂದ ಮೇಲೆ ಮೂಲೆಗೆ ಬಿದ್ದಿದ್ದ ಕಬ್ಬಿಣದ ತೂಕದ ಕಲ್ಲುಗಳನ್ನೆಲ್ಲ ಬೆಲ್ಟಿಗೆ ಪೋಣಿಸಿ ಕಟ್ಟಿಕೊಂಡಿದ್ದರು. ದಂಡೆಯ ಮೇಲೆ ನಿಂತ ನನಗೆ ಕೈಬೀಸಿ ಮುಳುಗಿದರು. ಕೆಂಪು ಕ್ಯಾನು ಅವರ ಹಿಂದೆ ಸ್ವಲ್ಪ ದೂರ ಹೋಗಿ ನಿಂತಿತು. ಗುಳ್ಳೆಗಳು ಬಂದವು. ಆಮೇಲೆ ಗುಳ್ಳೆಗಳು ಬರಲಿಲ್ಲ.

ಹಗ್ಗದ ಒಂದು ತುದಿ ದಂಡೆಯ ಗಿಡಕ್ಕೆ, ಇನ್ನೊಂದು ಇವರ ಸೊಂಟಕ್ಕೆ ಕಟ್ಟಿತ್ತು. ಅದನ್ನು ಹಿಡಿದು ಎಳೆದೆ. ಬರಲಿಲ್ಲ. ಎತ್ತು ತೊಳೆಯುತ್ತಿದ್ದ ಒಬ್ಬರು ನನ್ನ ಕೂಗು ಕೇಳಿ ಓಡಿಬಂದು ಕೈಜೋಡಿಸಿದರು. ಇಬ್ಬರೂ ಸೇರಿ ಎಳೆದಾಗ ಇವರು ಕೆಸರಿನಲ್ಲಿ ಉರುಳುತ್ತ ದಂಡೆಗೆ ಬಂದರು. ಸೊಂಟದ ಬಕ್ಕಲ್ ಸಿಕ್ಕಿಹಾಕಿಕೊಂಡಿತ್ತು, ಬಿಚ್ಚಲು ಬಂದಿರಲಿಲ್ಲ. ಬಹಳ ಹೊತ್ತು ಕೆಮ್ಮಿ, ನೀರು ಕಾರಿ, ಎದ್ದು ಕೂತು ಅವರಾಡಿದ ಮೊದಲ ಮಾತು, "ಬಕ್ಕಲ್ ಬದಲಿ ಮಾಡಬೇಕು."

ಮನೆಗೆ ಬಂದವಳೇ ಭರ್ಚಿ, ಮಾಸ್ಕು, ಕ್ಯಾನು, ಪಟ್ಟಿ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ಜಗಳಕ್ಕೆ ಸಿದ್ಧವಾಗಿ ನಿಂತಿದ್ದೆ. ಅವರು ಜಗಳವಾಡಲಿಲ್ಲ.

ಆ ಮೇಲೆ ನಮ್ಮ ಮನೆ ಎಲ್ಲರ ಮನೆಯ ಹಾಗೆ ಆಯಿತು. ಹೊಸ ರಬ್ಬರು ಹಾಕಿಸಿಕೊಂಡ ಕುಕ್ಕರ್ ಸೀಟಿ ಹಾಕಿತು. ಸೋರೆಕಾಯಿ ಬರುವುದು ನಿಂತಿತು. ಇವರು ಅಂಗಡಿಗೆ ಹೋದರು, ಬಂದರು, ಉಂಡರು, ಟೀವಿಯ ಮುಂದೆ ಕೂತರು. ಒಂದು ದಿನ ಮಿಕ್ಸರ್ ಕೆಟ್ಟಿತು. ಎಂದೂ ಒಂದು ಸ್ಕ್ರೂ ಸಹ ಹೊರಗಿನವರ ಕೈಗೆ ಕೊಡದ ಮನುಷ್ಯ, ಮಿಕ್ಸರಿನ ಕಡೆ ತಿರುಗಿಯೂ ನೋಡದೆ, "ರಿಪೇರಿಯವಗ ಕೊಟ್ಟು ಬಾ," ಎಂದರು. ಕೆರೆಯ ದಂಡೆಯಲ್ಲಿ ಹೆದರಿದ್ದಕ್ಕಿಂತ ನಾನು ಆವತ್ತು ಹೆಚ್ಚು ಹೆದರಿದೆ.

ಸ್ಟೂಲು ಹಾಕಿ ಅಟ್ಟ ಹತ್ತಿ ಗೋಣಿಚೀಲ ಇಳಿಸಿ ಅವರ ಮುಂದೆ ಇಟ್ಟೆ.

"ಬಕ್ಕಲ್ ಬದಲಿ ಮಾಡ್ರಿ," ಎಂದೆ. "ಆದರ ಹಗ್ಗದ ತುದಿ ಗಿಡಕ್ಕ ಕಟ್ಟಾಂಗಿಲ್ಲ. ನನ್ನ ಕೈಯಾಗ ಇರಬೇಕು."

ಅವರು ತಲೆಯಾಡಿಸಿದರು. ಒಂದೇ ಎಳೆತಕ್ಕೆ ಕಳಚಿ ಬೀಳುವ ಬಕ್ಕಲ್ ಮಾಡಿದರು. ನನಗೆ ನಂಬಿಕೆ ಬರಲೆಂದು ಪಡಸಾಲೆಯಲ್ಲಿ ನಿಂತು ಮತ್ತೆ ಮತ್ತೆ ಕಳಚಿ ತೋರಿಸಿದರು. ಬಕ್ಕಲ್ ಸರಿಯಾಗಿದೆ. ಪಡಸಾಲೆಯ ಟೈಲ್ಸ್ ಒಡೆದಿವೆ.

ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಕಾರವಾರಕ್ಕೆ ಹೋದೆವು. ದಂಡೆಯ ಒಂದು ಬದಿಗೆ ಬಂಡೆಗಳ ನಡುವೆ ಅಲೆಯ ಅಬ್ಬರವಿಲ್ಲದ ಜಾಗ. ಎದೆಯ ಮಟ್ಟದ ನೀರು. ನಾನು ಸೀರೆ ಎತ್ತಿ ಸಿಕ್ಕಿಸಿ, ಮೊಣಕಾಲ ನೀರಿನಲ್ಲಿ ಹಗ್ಗ ಹಿಡಿದು ನಿಂತೆ. ಇವರು ಮುಳುಗಿದರು, ಎದ್ದರು, ಒಮ್ಮೆ ಹಗ್ಗ ಜಗ್ಗಿ ಕ್ಷೇಮ ತಿಳಿಸಿದರು, ಮತ್ತೆ ಮುಳುಗಿದರು. ಹಾಗೆ ಬಹಳ ಹೊತ್ತು. ಆಮೇಲೆ ಮೆಲ್ಲಗೆ ನಡೆದು ಬಂದು ಭರ್ಚಿಯನ್ನು ಬಂಡೆಗೆ ಒರಗಿಸಿ ಕೂತುಬಿಟ್ಟರು.

ನೀರು ಸೋರಿತೇನೋ ಎಂದುಕೊಂಡು ವಿಚಾರಿಸಿದೆ. ಒಂದು ಹನಿಯೂ ಸೋರಿರಲಿಲ್ಲ. ಬಕ್ಕಲ್ ಸರಿಯಿತ್ತು, ಕೊಳವೆ ಸರಿಯಿತ್ತು, ಭರ್ಚಿಯ ರಬ್ಬರು ಸರಿಯಿತ್ತು. ಜೀವಮಾನದಲ್ಲಿ ಮೊದಲ ಸಲ ಇವರು ಮಾಡಿದ್ದೆಲ್ಲ ಸರಿಯಾಗಿತ್ತು.

"ಮತ್ತೇನಾತ್ರಿ?"

"ಏನೂ ಕಾಣಲಿಲ್ಲ."

ಆಗ ನನಗೆ ಹೊಳೆಯಿತು. ಇವರ ಕನ್ನಡಕ ನನ್ನ ಪರ್ಸಿನಲ್ಲಿತ್ತು. ಅದಿಲ್ಲದಿದ್ದರೆ ಮಾರು ದೂರದಲ್ಲಿ ನಿಂತದ್ದು ನಾನೋ ಲೈಟು ಕಂಬವೋ ಎಂದು ಅವರಿಗೆ ಗೊತ್ತಾಗುವುದಿಲ್ಲ. ಕನ್ನಡಕದ ಮೇಲೆ ಮಾಸ್ಕು ಕೂಡುವುದಿಲ್ಲ. ಸಂಪಿನಲ್ಲಿ ಕತ್ತಲೆ, ಕೆರೆಯಲ್ಲಿ ರಾಡಿ. ನೀರೊಳಗೆ ಏನೂ ಕಾಣದಿರುವುದೇ ಸಹಜ ಎಂದು ತಿಳಿದಿದ್ದರಂತೆ! ನಗು ಉಕ್ಕಿ ಬಂತು. ಅವರ ಮುಖ ನೋಡಿ ಒಳಗೇ ನುಂಗಿದೆ.

"ಮೀನು ಅದಾವೋ ಇಲ್ಲೋ, ಅಷ್ಟಾದರೂ ತಿಳೀಬೇಕಿತ್ತು," ಎಂದರು, ನೀರನ್ನೇ ನೋಡುತ್ತ.

ನಾನು ಕೈ ಚಾಚಿದೆ. ಯಾಕೆಂದು ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವಸರದಿಂದ ಎದ್ದು, ನನ್ನ ಕೂದಲು ಸಿಕ್ಕಿಕೊಳ್ಳದಂತೆ ಒಂದು ಕೈಯಿಂದ ಹಿಂದಕ್ಕೆ ಹಿಡಿದು, ಮಾಸ್ಕು ಕಟ್ಟಿದರು. ಸೊಂಟದ ಮಟ್ಟದ ನೀರಿಗೆ ಕರೆದುಕೊಂಡು ಹೋಗಿ ಎರಡೂ ಭುಜ ಭದ್ರವಾಗಿ ಹಿಡಿದರು. ನಾನು ಬಗ್ಗಿ ಮುಖ ಮುಳುಗಿಸಿದೆ.

ಬಿಸಿಲು ತಳದ ಮರಳಿನ ಮೇಲೆ ಬಲೆಯ ಹಾಗೆ ಅಲ್ಲಾಡುತ್ತಿತ್ತು. ಬಂಡೆಯ ಬುಡದಲ್ಲಿ ಹಸಿರು ಪಾಚಿ. ಪಾಚಿಯ ನೆರಳಿನಿಂದ ಹಳದಿ ಪಟ್ಟೆಯ ಸಣ್ಣ ಮೀನುಗಳ ಒಂದು ಗುಂಪು ಹೊರಬಂದು, ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತಿರುಗಿ ಹೋಯಿತು. ನಾನು ಉಸಿರು ಕಟ್ಟಿದ್ದೇನೆಂಬುದನ್ನು ಮರೆತು ನೋಡಿದೆ.

ತಲೆಯೆತ್ತಿದಾಗ ಅವರು ಕಣ್ಣುಗಳನ್ನು ಕಿರಿದು ಮಾಡಿ ನನ್ನ ಮುಖ ಇದ್ದೀತೆಂದು ತೋರಿದ ಕಡೆ ನೋಡುತ್ತಿದ್ದರು.

"ಅದಾವ್ರಿ," ಎಂದೆ.

"ಖರೇನು? ಬಣ್ಣ?"

"ಹಳದಿ ಪಟ್ಟಿ. ಬೆನ್ನ ಮ್ಯಾಲೆ ಬೆಳ್ಳಿ ಹೊಳದಾಂಗ ಹೊಳಿತಾವ."

"ಎಷ್ಟು ದೊಡ್ಡವು?"

ನನ್ನ ಕಿರುಬೆರಳಿನಷ್ಟಿದ್ದವು.

"ಮೊಳದುದ್ದ ಅದಾವ್ರಿ," ಎಂದೆ.

ಅವರು ಬಂಡೆಗೆ ಒರಗಿದ್ದ ಭರ್ಚಿಯ ಕಡೆ ಒಂದು ಸಲ ತಿರುಗಿದರು. "ಇರ್ಲಿ ಬಿಡು, ಪಾಪ. ಅವರಷ್ಟಕ್ಕ ಅವರು ಅಡ್ಡಾಡಾಕತ್ತಾರ," ಎಂದರು. ಆಮೇಲೆ ನನ್ನ ಭುಜದ ಮೇಲಿನ ಹಿಡಿತ ಸಡಿಲಿಸದೆ ಕೇಳಿದರು, "ಇನ್ನೊಮ್ಮೆ ನೋಡಿ ಹೇಳ್ತೀಯೇನು?"

ನಾನು ಎದೆತುಂಬ ಉಸಿರೆಳೆದುಕೊಂಡು ಮತ್ತೆ ಮುಖ ಮುಳುಗಿಸಿದೆ.